ಮುದ್ರೆಯಣ್ಣನ ಮಿರೂನಿ ಪರೀಕ್ಷೆ

ಒಬ್ಬ ಮನುಷ್ಯ ತಾನೇ ಪ್ರಶ್ನೆಪತ್ರಿಕೆ ತೆಗೆದು, ತಾನೇ ಕೂತು ಉತ್ತರ ಬರೆದು, ತಾನೇ ಅಂಕ ಹಾಕಿ, ಕೊನೆಗೆ ತಾನೇ ನಪಾಸಾಗುವುದು ಸಾಧ್ಯವೇ ಎಂದು ನೀವು ಕೇಳಬಹುದು. ಸಾಧ್ಯ. ನಾನು ಕಣ್ಣಾರೆ ಕಂಡಿದ್ದೇನೆ. ಆ ಉತ್ತರಪತ್ರಿಕೆಯ ಲಕೋಟೆಗೆ ಅರಗು ಕಾಯಿಸಿ ಮೊಹರು ಹಾಕಿದವನೂ ನಾನೇ. ನಾನು ತೂಕ ಮತ್ತು ಅಳತೆ ಕಚೇರಿಯ ಟಪಾಲು ಗುಮಾಸ್ತ. ನನ್ನ ಕೈ ದಾಟದೆ ಅಲ್ಲಿ ಒಂದು ಕಾಗದವೂ ಒಳಗೆ ಬರುವುದಿಲ್ಲ, ಹೊರಗೆ ಹೋಗುವುದಿಲ್ಲ.

ಆ ಮನುಷ್ಯ ನಮ್ಮ ಕಚೇರಿಯಲ್ಲಿ ತೂಕದ ಕಲ್ಲುಗಳಿಗೆ ಮುದ್ರೆ ಒತ್ತುವವರು. ಅಂಗಡಿಗಳ ಕಲ್ಲು, ತಕ್ಕಡಿ, ಲೀಟರಿನ ಅಳತೆ ಎಲ್ಲವೂ ವರ್ಷಕ್ಕೊಮ್ಮೆ ಅವರ ಮೇಜಿನ ಮೇಲೆ ಹಾಜರಾಗಬೇಕು. ಅವರು ಗಾಜಿನ ಪೆಟ್ಟಿಗೆಯಿಂದ ಸರ್ಕಾರಿ ಕಲ್ಲನ್ನು ಇಕ್ಕಳದಲ್ಲಿ ಎತ್ತಿ, ತಕ್ಕಡಿಗಿಟ್ಟು, ಉಸಿರು ಬಿಗಿಹಿಡಿದು ಮುಳ್ಳನ್ನೇ ನೋಡುತ್ತಾರೆ. ಮುಳ್ಳು ಒಂದು ಕೂದಲೆಳೆ ಅತ್ತಿತ್ತ ಹೋದರೂ ಮುದ್ರೆ ಇಲ್ಲ. ಅಂಗಡಿಯವನು ಅತ್ತರೂ ಇಲ್ಲ, ನಕ್ಕರೂ ಇಲ್ಲ. ಇಪ್ಪತ್ತಾರು ವರ್ಷ ಹೀಗೇ ನಡೆಸಿದ್ದರಿಂದ ಅವರ ಹೆಸರು ಎಲ್ಲರಿಗೂ ಮರೆತು ಮುದ್ರೆಯಣ್ಣ ಎಂಬುದೇ ಉಳಿದಿತ್ತು. ಅವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ.

ಅವರಿಗೆ ಇನ್ನೊಂದು ಕಸುಬಿತ್ತು. ಅದು ಕಚೇರಿಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಹನ್ನೊಂದು ವರ್ಷಗಳಿಂದ ಅವರು ಒಂದು ಭಾಷೆಯನ್ನು ತಯಾರಿಸುತ್ತಿದ್ದರು. ಅದಕ್ಕೆ ಮಿರೂನಿ ಎಂದು ಹೆಸರಿಟ್ಟಿದ್ದರು. ಯಾವ ದೇಶದ್ದೂ ಅಲ್ಲ, ಯಾರ ಅಪ್ಪನ ಮನೆಯದೂ ಅಲ್ಲ, ಪೂರ್ತಿ ಸ್ವಂತ ಉತ್ಪಾದನೆ. ಅದರಲ್ಲೂ ಕ್ರಿಯಾಪದದ ಪ್ರತ್ಯಯಗಳೆಂದರೆ ಅವರಿಗೆ ಪ್ರಾಣ. ನಾವು ಮಾಡಿ, ಮಾಡುತ್ತಾ, ಮಾಡದೆ ಎಂದು ಮಾತು ಮುಗಿಸದೆ ಎಳೆಯುತ್ತಾ ಹೋಗುತ್ತೇವಲ್ಲ, ಅಂಥ ಅಪೂರ್ಣ ಕ್ರಿಯಾಪದಗಳಿಗೆಂದೇ ಅವರು ಮೂವತ್ತೊಂಬತ್ತು ಪ್ರತ್ಯಯ ಮಾಡಿಟ್ಟಿದ್ದರು. ಬುಲ ಎಂದರೆ ತಿನ್ನು. ಬುಲಕಿ ಎಂದರೆ ತಿಂದು. ಬುಲಮೋ ಎಂದರೆ ತಿನ್ನುತ್ತಾ. ಬುಲಪೆ ಎಂದರೆ ತಿನ್ನದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಅವರು ಮುದ್ರೆಯಣ್ಣ ಹೇಗಾದಾರು? ಹಸಿವಿಲ್ಲದಿದ್ದರೂ ಮನೆಯವರಿಗೆ ಬೇಸರವಾದೀತೆಂದು ತಿಂದು ಎನ್ನುವುದಕ್ಕೆ ಬುಲಝೂ. ಒಮ್ಮೆ ಹೇಳಿಸಿಕೊಂಡು ಮಾಡುವುದಕ್ಕೆ ಒಂದು ಪ್ರತ್ಯಯ, ಎರಡು ಸಲ ಹೇಳಿಸಿಕೊಂಡು ಮಾಡುವುದಕ್ಕೆ ಇನ್ನೊಂದು, ಮೇಲಧಿಕಾರಿ ನೋಡುತ್ತಿದ್ದಾರೆಂದು ಮಾಡುವುದಕ್ಕೆ ಮತ್ತೊಂದು.

"ಅಲ್ಲಣ್ಣ, ಇಷ್ಟೊಂದು ಯಾತಕ್ಕೆ?" ಎಂದು ಒಮ್ಮೆ ಕೇಳಿದ್ದೆ.

"ಐವತ್ತು ಗ್ರಾಂ ಕಲ್ಲು ಇರೋವಾಗ ನೂರು ಗ್ರಾಂ ಕಲ್ಲಿಟ್ಟು ಅರ್ಧ ಅಂದ್ಕೋ ಅಂತ ಹೇಳೋಕಾಗುತ್ತೇನಪ್ಪಾ?" ಎಂದರು. ಆಮೇಲೆ ನಾನು ಕೇಳಲಿಲ್ಲ.

ಹೀಗೆ ಯಾರಿಗೂ ತೊಂದರೆಯಿಲ್ಲದೆ ನಡೆಯುತ್ತಿದ್ದ ಭಾಷೆ, ನಮ್ಮ ಕಚೇರಿಗೆ ಹೊಸ ನಮೂನೆಯ ಅರ್ಜಿಗಳು ಬಂದ ದಿನ ಹಾಳಾಯಿತು. ಎಲ್ಲ ನೌಕರರೂ ತಮ್ಮ ವಿವರವನ್ನು ಹೊಸದಾಗಿ ತುಂಬಿಕೊಡಬೇಕೆಂದು ಮೇಲಿನ ಕಚೇರಿಯ ಆಜ್ಞೆ. ಹದಿನಾಲ್ಕನೇ ಕಲಂ, ಬಲ್ಲ ಭಾಷೆಗಳು. ಕೆಳಗೆ ನಾಲ್ಕು ಗೆರೆ. ನಮ್ಮ ಅಧಿಕಾರಿ ಮೇಡಂ ಬಹಳ ಒಳ್ಳೆಯವರು, ಆದರೆ ಖಾಲಿ ಗೆರೆ ಕಂಡರೆ ಅವರಿಗೆ ಆಗದು. "ಖಾಲಿ ಬಿಟ್ರೆ ಬೇರೆ ಯಾರೋ ತುಂಬ್ತಾರೆ" ಎಂಬುದು ಅವರ ವಾದ. ಹೆಡ್ ಕ್ಲರ್ಕ್ ಮಹಾಶಯರು ಮೀಸೆ ತಿರುವುತ್ತಾ ನಾಲ್ಕು ಗೆರೆ ಸಾಲದೆ ಪಕ್ಕದಲ್ಲಿ ಐದನೆಯದನ್ನೂ ಎಳೆದು, ಐದು ಭಾಷೆ ಬರೆದಿದ್ದರು. ಅದರಲ್ಲಿ ಎರಡರಲ್ಲಿ ಅವರಿಗೆ ಟೀ ಕೇಳುವುದು ಬಿಟ್ಟರೆ ಬೇರೆ ಬಾರದು.

ಮುದ್ರೆಯಣ್ಣ ಮೂರು ಬರೆದು ಕೂತಿದ್ದರು.

"ಇಷ್ಟೇನಾ?" ಎಂದರು ಹೆಡ್ ಕ್ಲರ್ಕ್, ಹಿಂದಿನಿಂದ ಬಗ್ಗಿ ನೋಡಿ. "ಇಪ್ಪತ್ತಾರು ವರ್ಷ ಸರ್ವಿಸ್ ಮಾಡಿ ಮೂರೇ ಮೂರಾ?"

ಮುದ್ರೆಯಣ್ಣನ ಕಿವಿ ಕೆಂಪಾಯಿತು. ಸುಳ್ಳು ಹೇಳಿ ಅಭ್ಯಾಸವಿಲ್ಲ, ಸುಮ್ಮನಿರಲು ಮನಸ್ಸಿಲ್ಲ. ನಾಲ್ಕನೇ ಗೆರೆಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ 'ಮಿರೂನಿ' ಎಂದು ಬರೆದು, ಓದಲು, ಬರೆಯಲು, ಮಾತನಾಡಲು ಎಂಬ ಮೂರಕ್ಕೂ ಟಿಕ್ ಹಾಕಿದರು. ಅದರಲ್ಲಿ ಸುಳ್ಳೇನಿತ್ತು ಹೇಳಿ? ಜಗತ್ತಿನಲ್ಲಿ ಅವರಷ್ಟು ಮಿರೂನಿ ಬಲ್ಲವರು ಬೇರೆ ಯಾರಿದ್ದರು?

ಒಂದು ತಿಂಗಳು ಕಳೆದ ಮೇಲೆ ಮೂರು ಪತ್ರ ಬಂದವು. ಮೂರನ್ನೂ ನಾನೇ ಒಡೆದೆ. ಮೊದಲನೆಯದು ಹೀಗಿತ್ತು: ಅಪರೂಪದ ಭಾಷೆ ಬಲ್ಲ ನೌಕರರು ಇಲಾಖಾ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗತಕ್ಕದ್ದು, ತಪ್ಪಿದಲ್ಲಿ ಸುಳ್ಳು ಮಾಹಿತಿ ಎಂದು ಪರಿಗಣಿಸಿ, ಸದರಿ ನೌಕರರಿಂದ ಮುದ್ರೆಯನ್ನು ಹಿಂಪಡೆಯತಕ್ಕದ್ದು. ಎರಡನೆಯದು: ಮಿರೂನಿ ಭಾಷೆಯ ಪ್ರಶ್ನೆಪತ್ರಿಕೆ ತೆಗೆದು ಮೌಲ್ಯಮಾಪನ ಮಾಡಲು ಇಲಾಖೆಯಲ್ಲಿ ಆ ಭಾಷೆ ಬಲ್ಲವರನ್ನು ಹುಡುಕಲಾಗಿ ಒಬ್ಬರೇ ಒಬ್ಬರು ಸಿಕ್ಕಿದ್ದು, ಅವರನ್ನೇ ಪರೀಕ್ಷಕರನ್ನಾಗಿ ನೇಮಿಸಲಾಗಿದೆ. ಮೂರನೆಯದು ಅಭ್ಯರ್ಥಿಯ ಪ್ರವೇಶಪತ್ರ. ಮೂರನ್ನೂ ಒಬ್ಬರ ಕೈಗೇ ಕೊಟ್ಟು, ಮೂರು ಕಡೆ ಸಹಿ ಹಾಕಿಸಿಕೊಂಡೆ.

ಮೊದಲನೆಯ ಪತ್ರ ಓದಿದ ಮುದ್ರೆಯಣ್ಣ ತಮ್ಮ ಮೇಜಿನ ಮೇಲಿದ್ದ ಮುದ್ರೆಯನ್ನು ಸುಮ್ಮನೆ ಕೈಯಲ್ಲಿ ಹಿಡಿದುಕೊಂಡರು. ಹೆಬ್ಬೆರಳಿನಷ್ಟು ಉಕ್ಕಿನ ತುಂಡು ಅದು. ಹಿಡಿದು ಹಿಡಿದು ಅದರ ಹಿಡಿ ಅವರ ಬೆರಳಿನ ಆಕಾರಕ್ಕೇ ಸವೆದಿತ್ತು. ಆಮೇಲೆ ನೇರ ಹೆಡ್ ಕ್ಲರ್ಕ್ ಹತ್ತಿರ ಹೋದರು.

"ಸಾರ್, ಆ ನಾಲ್ಕನೇ ಗೆರೆ ಹೊಡೆದು ಹಾಕ್ಬಿಡಿ. ಮಿರೂನಿ ಅನ್ನೋದು ಯಾರೂ ಮಾತಾಡೋ ಭಾಷೆ ಅಲ್ಲ, ನಾನೇ..."

"ಬರ್ದಿರೋದು ನಿಜಾನೋ ಸುಳ್ಳೋ, ಅಷ್ಟು ಹೇಳಿ."

"ನಿಜ."

"ನಿಜ ಆದ್ರೆ ಯಾಕೆ ಹೊಡೀಬೇಕು?"

"ಹಂಗಲ್ಲ ಸಾರ್..."

"ಸುಳ್ಳಾ ಹಾಗಾದ್ರೆ? ಸುಳ್ಳು ಅಂತ ಬರ್ಕೊಡಿ, ಈಗಲೇ ಹೊಡೀತೀನಿ. ಮುದ್ರೆ ಇಲ್ಲಿಟ್ಟು ಹೋಗಿ."

ಮುದ್ರೆಯಣ್ಣ ಮುದ್ರೆಯನ್ನು ಜೇಬಿಗೆ ಹಾಕಿಕೊಂಡು ಮರಳಿದರು. ಪರೀಕ್ಷೆ ಬರೆಯುವುದಲ್ಲದೆ ಬೇರೆ ದಾರಿ ಉಳಿಯಲಿಲ್ಲ.

ಸುದ್ದಿ ನಮ್ಮ ಬೀದಿಯಲ್ಲಿ ಹೇಗೆ ಹರಡಿತೋ ನನಗೆ ಗೊತ್ತಿಲ್ಲ. ನಾನು ಹೇಳಿದ್ದು ನಾಲ್ಕೈದು ಮಂದಿಗೆ ಮಾತ್ರ, ಅದೂ ಯಾರಿಗೂ ಹೇಳಬೇಡಿ ಎಂದು. ಮಾರನೆಯ ದಿನವೇ ಇಸ್ತ್ರಿಯವನು ಅವರ ಅಂಗಿಗಳನ್ನು ಮಡಿಸುವ ಬದಲು ನೇತುಹಾಕಿ ತಂದ. "ವಿದೇಶಕ್ಕೆ ಹೋಗೋರು, ಸುಕ್ಕಾಗಬಾರ್ದು" ಎಂದ. ಔಷಧಿ ಅಂಗಡಿಯವರು "ಆ ದೇಶದಲ್ಲಿ ಚಳಿ ಜಾಸ್ತಿನಾ?" ಎಂದು ವಿಚಾರಿಸಿದರು. ಎದುರುಮನೆಯ ಅಜ್ಜಿಯೊಬ್ಬರು ಅವರನ್ನು ತಡೆದು ನಿಲ್ಲಿಸಿ, "ಎಲ್ಲಿ, ಊಟ ಆಯ್ತು ಅಂತ ಆ ಭಾಷೇಲಿ ಹೇಳು ನೋಡೋಣ" ಎಂದರು. ಮುದ್ರೆಯಣ್ಣ ಕಣ್ಣು ಮುಚ್ಚಿ ಯೋಚಿಸತೊಡಗಿದರು.

"ಯಾಕೆ ಮಗಾ, ಬರಲ್ವಾ?"

"ಬರುತ್ತೆ ಅಜ್ಜಿ. ಹಸಿವಾಗಿ ಉಂಡಿದ್ದೋ, ಹೊತ್ತಾಯ್ತು ಅಂತ ಉಂಡಿದ್ದೋ ಅಂತ ನೆನಪು ಮಾಡ್ಕೋತಿದ್ದೀನಿ."

ಅಜ್ಜಿ ಪಾಪ, ಕಾದು ಕಾದು ಒಳಗೆ ಹೋದರು.

ಪ್ರಶ್ನೆಪತ್ರಿಕೆ ತೆಗೆಯುವ ಕಾಲ ಬಂತು. ಒಂದು ಭಾನುವಾರ ಮಧ್ಯಾಹ್ನ ನಾನು ಅವರ ಮನೆಗೆ ಹೋದಾಗ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ. ಅವರ ಹೆಂಡತಿ, ನನಗೆ ವರಸೆಯಲ್ಲಿ ಅತ್ತಿಗೆ, ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದರು.

"ರೀ, ಬಾಗಿಲು ತೆಗೀರಿ. ಒಣಗಿದ ಬಟ್ಟೆ ಒಳಗಿಡ್ಬೇಕು."

"ಆಗಲ್ಲ. ಗೌಪ್ಯ ಕೆಲಸ ನಡೀತಿದೆ" ಎಂದು ಒಳಗಿನಿಂದ ಧ್ವನಿ.

"ನಾನೇನು ನೋಡಿ ಪರೀಕ್ಷೆ ಬರೀಬೇಕಾ? ಯಾರಿಂದ ಮುಚ್ಚಿಡ್ತಿದ್ದೀರಿ?"

"ಅಭ್ಯರ್ಥಿಯಿಂದ."

ಅತ್ತಿಗೆ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಗಡಿಯಾರ ನೋಡಿದೆ.

ಅರ್ಧ ಗಂಟೆಯ ಮೇಲೆ ಬಾಗಿಲು ತೆರೆಯಿತು. ಮುದ್ರೆಯಣ್ಣನ ಕೈಯಲ್ಲಿ ಹನ್ನೊಂದು ವರ್ಷದ ನೋಟುಪುಸ್ತಕಗಳ ಕಟ್ಟಿತ್ತು. ಅದನ್ನು ಅತ್ತಿಗೆಯ ಕೈಗಿತ್ತು, "ಇದನ್ನ ಕಬೋರ್ಡಿನಲ್ಲಿಟ್ಟು ಬೀಗ ಹಾಕು. ಬೀಗದ ಕೈ ನನಗೆ ತೋರಿಸ್ಬೇಡ" ಎಂದರು.

"ಓದ್ಕೊಳ್ಳಲ್ವಾ ಅಣ್ಣಾ?" ಎಂದೆ.

"ಪ್ರಶ್ನೆ ಏನು ಅಂತ ಗೊತ್ತಿದ್ದೂ ಓದೋದಾ? ಅದಕ್ಕೆ ಪೇಪರ್ ಲೀಕ್ ಅಂತಾರೆ."

ಎಂಟು ದಿನ ಅವರು ಪ್ರಶ್ನೆಗಳನ್ನು ಮರೆಯುವ ಪ್ರಯತ್ನದಲ್ಲಿದ್ದರು. ನೆನಪು ಬಂದೊಡನೆ ಹಿಂದಿನಿಂದ ಮುಂದಕ್ಕೆ ಮಗ್ಗಿ ಹೇಳುತ್ತಿದ್ದರು. ಪ್ರಶ್ನೆಗಳ ಜೊತೆಗೆ ಉತ್ತರಗಳೂ ಒಂದಿಷ್ಟು ಮರೆತುಹೋದವು ಎಂಬುದು ಆಮೇಲೆ ತಿಳಿಯಿತು.

ಪರೀಕ್ಷೆ ನಡೆದದ್ದು ಜಪ್ತಿ ಮಾಡಿದ ತಕ್ಕಡಿಗಳನ್ನಿಡುವ ಕೋಣೆಯಲ್ಲಿ. ಒಬ್ಬ ಅಭ್ಯರ್ಥಿ, ಒಂದು ಮೇಜು, ಸುತ್ತಲೂ ಮೋಸದ ತಕ್ಕಡಿಗಳು. ಮೇಲ್ವಿಚಾರಣೆ ಹೆಡ್ ಕ್ಲರ್ಕ್ ಅವರದು. ಅವರು ಅಭ್ಯರ್ಥಿಯ ಜೇಬು ತಡವಿ ಕರವಸ್ತ್ರ ಹೊರಗೆಳೆದು, ಅದರ ಮೂಲೆಯಲ್ಲಿ ಕಂಡ ಕಪ್ಪು ಗುರುತನ್ನು ಬೆಳಕಿಗೆ ಹಿಡಿದು, "ಇದೇನ್ರೀ ಬರ್ಕೊಂಡ್ ಬಂದಿದ್ದೀರಿ?" ಎಂದರು. ಅದು ಬಟ್ಟೆ ಒಗೆಯುವವನ ಗುರುತು ಎಂದು ನಾನು ಲಿಖಿತ ಹೇಳಿಕೆ ಕೊಟ್ಟ ಮೇಲೆಯೇ ಬಿಟ್ಟಿದ್ದು.

ಗಂಟೆ ಹೊಡೆಯಿತು. ನಾನು ಮೊಹರು ಒಡೆದು ಪ್ರಶ್ನೆಪತ್ರಿಕೆ ಕೊಟ್ಟೆ. ಮುದ್ರೆಯಣ್ಣ ಅದನ್ನು ಮೇಲಿನಿಂದ ಕೆಳಗೆ ಓದಿದರು. ಮುಖದಲ್ಲಿ ರಕ್ತವಿಲ್ಲ.

"ಯಾರ್ರೀ ಈ ಪೇಪರ್ ತೆಗೆದಿದ್ದು? ಕರುಣೆ ಅನ್ನೋದೇ ಇಲ್ವಾ ಇವರಿಗೆ?"

"ಮಾತಾಡ್ಬಾರ್ದು" ಎಂದರು ಹೆಡ್ ಕ್ಲರ್ಕ್.

ಮುದ್ರೆಯಣ್ಣನಿಗೆ ತಮ್ಮ ಭಾಷೆಯ ಮರ್ಯಾದೆಯ ಚಿಂತೆ. ಸುಲಭದ ಪತ್ರಿಕೆ ತೆಗೆದರೆ ಮೇಲಿನ ಕಚೇರಿಯವರು ಮಿರೂನಿಯನ್ನು ಹಗುರವಾಗಿ ಕಂಡಾರು ಎಂದು ಕೈ ಬಿಗಿ ಮಾಡಿದ್ದರು. ಏಳನೆಯ ಪ್ರಶ್ನೆಯೊಂದೇ ಸಾಕು: 'ಕೆಳಗಿನದನ್ನು ಒಂದೇ ವಾಕ್ಯದಲ್ಲಿ ಮಿರೂನಿಗೆ ತನ್ನಿರಿ. ಎದ್ದು, ಕನ್ನಡಕ ಹುಡುಕಿ, ಸಿಗದೆ, ಹೆಂಡತಿಯನ್ನು ಕೇಳಲು ಹೋಗಿ, ಅವಳ ಮುಖ ನೋಡಿ, ಕೇಳದೆ ಹಿಂದಿರುಗಿ, ಕನ್ನಡಕ ತನ್ನ ತಲೆಯ ಮೇಲೇ ಇರುವುದನ್ನು ತಿಳಿದು, ಯಾರಾದರೂ ನೋಡಿದರೇ ಎಂದು ನೋಡುತ್ತಾ...' ಹೀಗೆ ನಲವತ್ತೆರಡು ಕ್ರಿಯಾಪದಗಳು ಸಾಲಾಗಿ ಬಂದು, ಕೊನೆಗೆ 'ಮಲಗಿದನು' ಎಂದು ಮುಗಿಯುತ್ತಿತ್ತು. ಕೊನೆಯ ಗಂಟೆ ಹೊಡೆದಾಗ ಅಭ್ಯರ್ಥಿ ಹತ್ತೊಂಬತ್ತನೇ ಕ್ರಿಯಾಪದದಲ್ಲಿದ್ದರು. ಕಥಾನಾಯಕನಿಗೆ ಇನ್ನೂ ಕನ್ನಡಕ ಹಾಕಿಕೊಳ್ಳಲಾಗಿರಲಿಲ್ಲ.

ಮುಂದಿನ ಭಾನುವಾರ ಮೌಲ್ಯಮಾಪನ. ಮತ್ತೆ ಚಿಲಕ, ಮತ್ತೆ ಗೌಪ್ಯ. ಸಂಜೆ ಹೊರಗೆ ಬಂದವರ ಕೈಯಲ್ಲಿ ಕೆಂಪು ಪೆನ್ನು, ಕಣ್ಣು ಅದಕ್ಕಿಂತ ಕೆಂಪು.

"ಅಭ್ಯರ್ಥಿಯ ಅಕ್ಷರ ಚೆನ್ನಾಗಿದೆ" ಎಂದರು. "ತಯಾರಿ ಸಾಲದು. ನೂರಕ್ಕೆ ಮೂವತ್ತೊಂದು."

ಪಾಸಾಗಲು ಮೂವತ್ತೈದು ಬೇಕು.

"ಅಣ್ಣಾ, ತಯಾರಿ ಮಾಡೋಕೆ ಬಿಟ್ರೆ ತಾನೇ? ಪುಸ್ತಕಕ್ಕೆ ಬೀಗ ಹಾಕಿಸಿದ್ದು ನೀವೇ ಅಲ್ವಾ?"

"ಹಾಕಿಸಿದ್ದು ಪರೀಕ್ಷಕ, ಅಭ್ಯರ್ಥಿ ಅಲ್ಲ. ಪರೀಕ್ಷಕನಿಗೂ ಅಭ್ಯರ್ಥಿಗೂ ಪರಿಚಯ ಇರಬಾರದು."

"ನಾಲ್ಕು ಮಾರ್ಕ್! ಬರೀ ನಾಲ್ಕು ಮಾರ್ಕ್ ಹಾಕೋಕೆ ನಿಮ್ಮ ಕೈಲಿ ಆಗ್ಲಿಲ್ವಾ?" ಎಂದು ಅತ್ತಿಗೆ ಅಡುಗೆಮನೆಯಿಂದಲೇ ಕೂಗಿದರು. "ಬೀದಿ ಬೆಕ್ಕಿಗೆ ಕರೆದು ಹಾಲು ಹಾಕ್ತೀರಿ. ಸ್ವಂತಕ್ಕೆ ನಾಲ್ಕು ಮಾರ್ಕ್ ಹಾಕಲ್ಲ!"

"ಒಂದು ಕೆಜಿ ಕಲ್ಲು ಒಂಬೈನೂರ ಅರವತ್ತು ಗ್ರಾಂ ತೂಗಿದ್ರೆ, ಪಾಪ ಅಂತ ಮುದ್ರೆ ಒತ್ತೋಕಾಗುತ್ತಾ?" ಎಂದರು ಮುದ್ರೆಯಣ್ಣ. ಮೂವತ್ತೊಂದು ಮೂವತ್ತೊಂದಾಗಿಯೇ ಉಳಿಯಿತು. ನಾನು ಅರಗು ಕಾಯಿಸಿದೆ. ನನ್ನ ಕೈಯಿಂದ ಎಷ್ಟೋ ಲಕೋಟೆಗಳು ಹೋಗಿವೆ, ಅದೊಂದನ್ನು ಮಾತ್ರ ಟಪಾಲು ಹೊರಡುವ ಕೊನೆಯ ಗಳಿಗೆಯವರೆಗೂ ಮೇಜಿನ ಮೇಲೇ ಇಟ್ಟುಕೊಂಡಿದ್ದೆ.

ಮೇಡಂ ಸುದ್ದಿ ತಿಳಿದು, ನಿಯಮಾವಳಿಯನ್ನು ಮೂರು ದಿನ ಜಾಲಾಡಿದರು. ಮುದ್ರೆಯಣ್ಣನಂಥವರು ಹೋದರೆ ಅಂಗಡಿಗಳ ತಕ್ಕಡಿಗಳೆಲ್ಲ ಕುಣಿಯುತ್ತವೆಂದು ಅವರಿಗೆ ಗೊತ್ತಿತ್ತು. ಕೊನೆಗೆ ಒಂದು ಕಲಂ ಸಿಕ್ಕಿತು. ಐದು ಅಂಕಗಳೊಳಗೆ ತಪ್ಪಿದವರಿಗೆ ಹತ್ತು ಅಂಕಗಳ ಮೌಖಿಕ ಪರೀಕ್ಷೆ ಕೊಡಬಹುದು. ಆದರೆ ಅದನ್ನು ಮಾಡುವವರು ಆ ಭಾಷೆ ಬಲ್ಲ ಬೇರೆ ವ್ಯಕ್ತಿಯಾಗಿರಬೇಕು. ಬೇರೆ ವ್ಯಕ್ತಿ! ಮಿರೂನಿಗೆ ಬೇರೆ ವ್ಯಕ್ತಿಯನ್ನು ಎಲ್ಲಿಂದ ತರುವುದು?

ವಿಚಾರಣೆಗೆ ಮೇಲಿನ ಕಚೇರಿಯಿಂದ ಒಬ್ಬ ಹಿರಿಯ ಅಧಿಕಾರಿ ಬಂದರು. ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸಿಕೊಂಡು, "ಈ ಮಿರೂನಿ ಯಾವ ದೇಶದ್ದು?" ಎಂದು ಕೇಳಿದರು.

"ದೇಶ ಇಲ್ಲ ಸರ್. ನಾನೇ ಮಾಡಿದ್ದು" ಎಂದರು ಮುದ್ರೆಯಣ್ಣ.

ಹೆಡ್ ಕ್ಲರ್ಕ್ ಬಾಯಿ ತೆರೆದವರು ಮುಚ್ಚಲು ಮರೆತರು. ಅಧಿಕಾರಿ ಮಾತ್ರ ಅಲುಗಲಿಲ್ಲ.

"ಮಾಡಿದ್ದೋ, ತಾನಾಗಿ ಹುಟ್ಟಿದ್ದೋ, ಅದು ಇಲಾಖೆಗೆ ಸಂಬಂಧಪಟ್ಟಿದ್ದಲ್ಲ. ಕಲಂನಲ್ಲಿ ಬಲ್ಲ ಭಾಷೆ ಅಂತಿದೆ, ಅಷ್ಟೆ. ಆದರೆ ನೋಡಿ, ಇಬ್ಬರು ಆಡಿದ್ರೆ ಭಾಷೆ. ಒಬ್ಬರೇ ಆಡಿದ್ರೆ ಗೊಣಗಾಟ. ನಿಮ್ಮನ್ನ ಬಿಟ್ಟು ಇದನ್ನ ಬಲ್ಲವರು ಇನ್ನೊಬ್ಬರು ಇದ್ದಾರಾ?"

ಸುಳ್ಳು ಹೇಳಬಹುದಿತ್ತು. ನನ್ನ ಕಡೆ ತಿರುಗಿದ್ದರೆ ನಾನೇ ಹೌದೆಂದು ತಲೆಯಾಡಿಸಿಬಿಡುತ್ತಿದ್ದೆ.

"ಯಾರೂ ಇಲ್ಲ ಸರ್."

ಅಧಿಕಾರಿ ಪೆನ್ನು ತೆರೆದರು. ಮುದ್ರೆಯಣ್ಣ ಜೇಬಿನಿಂದ ಮುದ್ರೆ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮೇಜಿನ ಮೇಲಿಟ್ಟರು. ಮೇಡಂ ಕಿಟಕಿಯ ಕಡೆ ನೋಡುತ್ತಿದ್ದರು.

ಆಗ ಹೊರಗಿನ ಬೆಂಚಿನಿಂದ ಹೆಂಗಸರ ಮಾತು ಜೋರಾಗಿ ಕೇಳಿಬಂತು. ನೋಟುಪುಸ್ತಕಗಳನ್ನು ವಿಚಾರಣೆಗೆ ಹಾಜರುಪಡಿಸಬೇಕೆಂದು ಅತ್ತಿಗೆಯನ್ನು ಕರೆಸಿದ್ದರು, ಜೊತೆಗೆ ನನ್ನ ಹೆಂಡತಿಯೂ ಬಂದಿದ್ದಳು. ಇಬ್ಬರೂ ಏನೋ ಬಿಸಿಬಿಸಿ ಚರ್ಚೆಯಲ್ಲಿದ್ದರು. ಪಟಪಟನೆ ಮಾತು, ನಡುವೆ ನಗು, ಮತ್ತೆ ಮಾತು.

"ಅದ್ಯಾವ ಭಾಷೆ?" ಎಂದರು ಅಧಿಕಾರಿ, ಪೆನ್ನು ಎತ್ತಿ.

"ಅದು ಅತ್ತಿಗೆಯ ತವರಿನ ಕಡೆ ಮಾತು ಸರ್" ಎಂದೆ ನಾನು. "ನನ್ನ ಹೆಂಡತಿ ಅವರಿಂದ ಕಲಿತಿದ್ದಾಳೆ. ನಾಲ್ಕೈದು ವರ್ಷದಿಂದ ಮನೆಯಲ್ಲಿ ಇದೇ ಕಾಟ."

ಮುದ್ರೆಯಣ್ಣ ನನ್ನತ್ತ ತಿರುಗಿದರು. "ಇವಳ ತವರಲ್ಲಿ ಆ ಥರ ಮಾತಾಡಲ್ಲಪ್ಪಾ. ಅದು ನಿನ್ನ ಹೆಂಡತಿ ತವರಿನ ಮಾತು ಅಂತ ನಾನಂದ್ಕೊಂಡಿದ್ದೆ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೊರಗೆ ಮಾತು ನಡೆದೇ ಇತ್ತು. ಮುದ್ರೆಯಣ್ಣ ಕತ್ತು ವಾಲಿಸಿ, ತಕ್ಕಡಿಯ ಮುಳ್ಳು ನೋಡುವಾಗ ಮಾಡುವಂತೆ ಉಸಿರು ಹಿಡಿದು ಕೇಳತೊಡಗಿದರು. ಅವರ ತುಟಿ ಅಲುಗಿತು. "ಬುಲಪೆ... ಬುಲಪೆ ಅಂತಿದ್ದಾಳೆ ಇವಳು. ನಾನು ಏನೂ ತಿನ್ನದೆ ಬಂದಿದ್ದೀನಿ ಅಂತ." ಅವರು ಗೋಡೆ ಹಿಡಿದುಕೊಂಡರು. "ಸರ್, ಅದು ಮಿರೂನಿ."

ಇಬ್ಬರು ಹೆಂಗಸರನ್ನೂ ಒಳಗೆ ಕರೆಸಲಾಯಿತು. ನನ್ನ ಹೆಂಡತಿ ನನ್ನನ್ನು ಕಂಡದ್ದೇ ಸೆರಗು ಬಾಯಿಗೆ ಇಟ್ಟುಕೊಂಡಳು. ನಗು ತಡೆಯಲೆಂದು ಆಮೇಲೆ ತಿಳಿಯಿತು.

"ಎಲ್ಲಿ ಕಲಿತ್ರಮ್ಮಾ?" ಎಂದು ಅಧಿಕಾರಿ ಕೇಳಿದರು.

"ಕಲಿಯೋದೇನು ಬಂತು ಸರ್?" ಎಂದರು ಅತ್ತಿಗೆ. "ದಿನಾ ಸಾಯಂಕಾಲ ಇವರು ಗಟ್ಟಿಯಾಗಿ ಓದ್ತಾರೆ. ತಿಂದು, ತಿನ್ನುತ್ತಾ, ತಿನ್ನದೆ. ಬಂದು, ಬರುತ್ತಾ, ಬಾರದೆ. ಹನ್ನೊಂದು ವರ್ಷ ಕೇಳಿದ್ರೆ ಗೋಡೆಗೂ ಬರುತ್ತೆ. ಗೋಡೆಯಾಚೆ ಇವಳಿಗೂ ಬಂತು. ಗಂಡಂದಿರ ಎದುರಿಗೇ ಅವರ ಸುದ್ದಿ ಮಾತಾಡೋಕೆ ಬಹಳ ಅನುಕೂಲ ಸರ್. ಇವರು ಮಾಡಿದ ಭಾಷೆ ಇವರಿಗೇ ಗೊತ್ತಾಗಲ್ಲ. ಇವರದ್ದು ನಿಧಾನ, ನಮ್ಮದು ಸ್ವಲ್ಪ ಓಡುತ್ತೆ."

ಅಧಿಕಾರಿ ನೋಟುಪುಸ್ತಕ ತಿರುವಿ ಹಾಕಿದರು. "ಹೊರಗೆ ಮಾತಾಡೋವಾಗ ದೂಲ ದೂಲ ಅಂತ ಬಹಳ ಸಲ ಬಂತು. ಅದು ಇದರಲ್ಲಿ ಇಲ್ವಲ್ಲ?"

"ಅದು ನಾವು ಸೇರಿಸ್ಕೊಂಡಿದ್ದು ಸರ್" ಎಂದಳು ನನ್ನ ಹೆಂಡತಿ. "ಮಾಡ್ತೀನಿ ಮಾಡ್ತೀನಿ ಅಂತ ಹೇಳಿ ಮಾಡದೆ ಇರೋದಕ್ಕೆ. ಆ ಪ್ರತ್ಯಯ ಇಲ್ದೆ ಇವರ ಬಗ್ಗೆ ಎರಡು ನಿಮಿಷ ಮಾತಾಡೋಕಾಗಲ್ಲ." ಇವರ ಎಂದಾಗ ಅವಳ ಬೆರಳು ನನ್ನ ಕಡೆಗಿತ್ತು. ಅಧಿಕಾರಿಗೂ ಮನೆಯಲ್ಲಿ ಯಾವುದೋ ಮುರಿದ ನಲ್ಲಿ ನೆನಪಾಗಿರಬೇಕು, ನೋಟುಪುಸ್ತಕವನ್ನು ಮೆಲ್ಲಗೆ ಮುಚ್ಚಿಟ್ಟರು.

ಆಮೇಲೆ ಗಂಟಲು ಸರಿಮಾಡಿಕೊಂಡು ಅತ್ತಿಗೆಗೆ ಕುರ್ಚಿ ಹಾಕಿಸಿದರು. "ಅಮ್ಮಾ, ನೀವೇ ಮೌಖಿಕ ಪರೀಕ್ಷಕರು. ಹತ್ತು ಅಂಕ ನಿಮ್ಮ ಕೈಯಲ್ಲಿದೆ. ಪ್ರಶ್ನೆ ಕೇಳಿ."

ಮುದ್ರೆಯಣ್ಣ ಹೆಂಡತಿಯ ಎದುರಿಗೆ ಕೈ ಕಟ್ಟಿ ನಿಂತರು. ಅತ್ತಿಗೆ ಬಹಳ ಹೊತ್ತು ಅವರನ್ನೇ ನೋಡಿದರು. ಆಮೇಲೆ, "ಪ್ರಶ್ನೆ ಏನಿಲ್ಲ. ನನಗೆ ಏನಾದ್ರೂ ಹೇಳಿ" ಎಂದರು.

"ನಿನಗಾ?"

"ನನಗೇ. ನನ್ನ ಬಗ್ಗೆ ಅಲ್ಲ, ನನಗೆ."

ಮುದ್ರೆಯಣ್ಣ ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ಹಣೆಯಲ್ಲಿ ಬೆವರು.

"ಸರ್, ಇವರಿಗೆ ಬರಲ್ಲ" ಎಂದರು ಅತ್ತಿಗೆ ಮೆಲ್ಲಗೆ. "ಇವರ ಪುಸ್ತಕದಲ್ಲಿ ನಾನು ಮಾಡಿದೆ ಅಂತ ಹೇಳೋಕೆ ನಿ ಅನ್ನೋ ಪ್ರತ್ಯಯ ಇದೆ. ಅವನು ಮಾಡಿದ, ಅವಳು ಮಾಡಿದಳು, ದೂರದಲ್ಲಿ ಇರೋರು ಮಾಡಿದರು, ಎಲ್ಲಾ ಇದೆ. ನೀನು ಮಾಡಿದೆ ಅನ್ನೋದಕ್ಕೆ ಏನೂ ಇಲ್ಲ. ಬಾಗಿಲು ಹಾಕ್ಕೊಂಡು ಒಬ್ಬರೇ ಕೂತು ಬರೆದಿದ್ದಲ್ವಾ, ಬೇಕಾಗಿಲ್ಲ. ನಾವು ಇಬ್ಬರು ಮಾತಾಡೋವಾಗ ಮೊದಲ ದಿನಾನೇ ಬೇಕಾಯ್ತು. ಚಿ ಅಂತ ಇಟ್ಕೊಂಡ್ವಿ."

ನನಗೂ ಅಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಮುದ್ರೆಯಣ್ಣ ನೋಟುಪುಸ್ತಕಗಳ ಕಟ್ಟನ್ನು ಒಮ್ಮೆ ನೋಡಿ, ಹೆಂಡತಿಯನ್ನು ಒಮ್ಮೆ ನೋಡಿದರು. ಕಣ್ಣಲ್ಲಿ ನೀರು ತುಂಬಿತ್ತು. ಆಮೇಲೆ ಹೊಸ ಪ್ರತ್ಯಯವನ್ನು ನಾಲಿಗೆಯ ಮೇಲೆ ತೂಗಿ ನೋಡುವಂತೆ ಒಂದೊಂದೇ ಅಕ್ಷರ ಹೇಳಿದರು:

"ಲೆನಮೋಚಿ, ಕುವಪೆನಿ."

ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ಹೆಂಡತಿಯ ಕಿವಿಯಲ್ಲಿ, "ಏನಂದ್ರು?" ಎಂದೆ.

"ನೀನು ಕೇಳಿಸ್ಕೊಳ್ತಾನೇ ಇದ್ದೆ, ನಾನು ನೋಡದೆ ಹೋದೆ" ಎಂದಳು ಅವಳು.

ಅತ್ತಿಗೆ ಅಧಿಕಾರಿಯ ಪೆನ್ನು ಈಸಿಕೊಂಡು ಅಂಕದ ಜಾಗದಲ್ಲಿ ನಾಲ್ಕು ಎಂದು ಬರೆದರು.

"ಅಷ್ಟು ಚೆನ್ನಾಗಿ ಹೇಳಿದ್ರಲ್ಲಮ್ಮಾ, ನಾಲ್ಕೇನಾ?" ಎಂದರು ಮೇಡಂ, ಕಣ್ಣೊರೆಸಿಕೊಳ್ಳುತ್ತಾ.

"ಮೂವತ್ತೊಂದಕ್ಕೆ ನಾಲ್ಕು ಸೇರಿದ್ರೆ ಮೂವತ್ತೈದು. ಮುದ್ರೆ ಸಿಗೋಕೆ ಅಷ್ಟೇ ತಾನೇ ಬೇಕಾಗಿರೋದು? ಜಾಸ್ತಿ ತೂಗಿದ್ರೂ ಇವರು ಒಪ್ಪೋರಲ್ಲ."

ಅಧಿಕಾರಿ ಸಹಿ ಹಾಕಿ ಮುದ್ರೆಯನ್ನು ಮುಂದಕ್ಕೆ ತಳ್ಳಿದರು. ಮುದ್ರೆಯಣ್ಣ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಜೇಬಿಗಿಟ್ಟುಕೊಂಡರು. ಅಷ್ಟಕ್ಕೇ ಹೊರಟಿದ್ದರೆ ಚೆನ್ನಾಗಿತ್ತು. ಆದರೆ ಲೆಕ್ಕದ ಮನುಷ್ಯ, ಬಾಗಿಲ ಹತ್ತಿರ ನಿಂತು ಹೆಂಡತಿಯನ್ನು ಕೇಳಿಯೇ ಬಿಟ್ಟರು.

"ಉಳಿದ ಆರು?"

"ಅದು ಒಂದೇ ವಾಕ್ಯಕ್ಕೆ ಸಿಗೋ ಮಾರ್ಕಲ್ಲ" ಎಂದರು ಅತ್ತಿಗೆ. "ದಿನಾ ಬಾಗಿಲು ತೆಗೆದಿಟ್ಟು, ಪಕ್ಕದಲ್ಲಿ ಕೂತು ಮಾತಾಡಿ. ಆಮೇಲೆ ನೋಡೋಣ."

ಈಗ ಸಂಜೆಯಾದರೆ ಗೋಡೆಯಾಚೆಯಿಂದ ಎರಡು ದನಿ ಕೇಳುತ್ತವೆ. ಒಂದು ಓಡುತ್ತದೆ, ಇನ್ನೊಂದು ಎಡವುತ್ತಾ ಹಿಂದೆ ಬರುತ್ತದೆ, ನಡುನಡುವೆ ಮೊದಲನೆಯದು ನಿಂತು ತಿದ್ದುತ್ತದೆ. ಹೋದ ವಾರ ಕಚೇರಿಯಲ್ಲಿ ವಿಚಾರಿಸಿದೆ. ಆರರಲ್ಲಿ ಎರಡೂವರೆ ಬಂದಿದೆಯಂತೆ. ಹಾಗೆ ಹೇಳುವಾಗ ಮುದ್ರೆಯಣ್ಣನ ಮುಖ ನೋಡಿದರೆ, ಇಡೀ ಇಲಾಖೆಗೇ ಮೊದಲನೆಯವರಾಗಿ ಪಾಸಾದವರ ಹಾಗಿತ್ತು.